ಗೆಳತಿಯರ ಜೊತೆ ಕ್ವಿಲ್ಟ್ ಬ್ಲಾಕ್ ಅದಲುಬದಲು: ಬಟ್ಟೆ ಆರಿಸುವುದರಿಂದ ಹೊದಿಕೆ ಮುಗಿಯುವವರೆಗೆ

ಕ್ವಿಲ್ಟ್ ಅಂದರೆ ಬಟ್ಟೆಯ ತುಂಡುಗಳನ್ನು ಜೋಡಿಸಿ, ಪದರಗಳನ್ನು ಸೇರಿಸಿ ಹೊಲಿದ ಹೊದಿಕೆ. ಒಬ್ಬರೇ ಕೂತು ಇಡೀ ಕ್ವಿಲ್ಟ್ ಹೊಲಿಯುವುದು ದೊಡ್ಡ ಕೆಲಸ. ಅರ್ಧಕ್ಕೆ ನಿಂತು ಬೀರು ಸೇರಿದ ಕ್ವಿಲ್ಟ್‌ಗಳು ಎಷ್ಟೋ ಮನೆಗಳಲ್ಲಿವೆ. ಬ್ಲಾಕ್ ಅಂದರೆ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿದ ಒಂದು ಚೌಕ. ಆರು ಜನ ಸೇರಿ ಇಂಥ ಬ್ಲಾಕ್‌ಗಳನ್ನು ಹಂಚಿಕೊಂಡರೆ ಕೆಲಸ ಮುಂದೆ ಸಾಗುತ್ತದೆ. ನೀವು ಒಂದೇ ಮಾದರಿಯಲ್ಲಿ ಆರು ಬ್ಲಾಕ್ ಹೊಲಿಯುತ್ತೀರಿ. ಒಂದನ್ನು ಇಟ್ಟುಕೊಂಡು ಐದನ್ನು ಕೊಡುತ್ತೀರಿ, ಬೇರೆ ಐದು ಕೈಗಳ ಐದು ಬ್ಲಾಕ್ ನಿಮಗೆ ಬರುತ್ತವೆ. ಹೀಗೆ ಎರಡು ಸುತ್ತು ಆದರೆ ಒಬ್ಬೊಬ್ಬರ ಹತ್ತಿರ ಹನ್ನೆರಡು ಬ್ಲಾಕ್. ಒಬ್ಬರು ಹೊದೆಯುವ ಹೊದಿಕೆಗೆ ಅಷ್ಟು ಸಾಕು.

ಬ್ಲಾಕ್ ಅಂದರೆ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿದ ಒಂದು ಚೌಕ. ನಮ್ಮ ಉತ್ತರ ಕರ್ನಾಟಕದ ಕೌದಿ ಹೀಗೆ ಬಿಡಿ ಬಿಡಿಯಾಗಿ ಹುಟ್ಟುವುದಿಲ್ಲ. ಹಳೆ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತುಂಡುಗಳನ್ನಿಟ್ಟು, ಎಲ್ಲ ಪದರಗಳನ್ನೂ ಹಿಡಿದು ಒಟ್ಟಿಗೇ ಹೊಲಿಯುತ್ತಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರ ಕವಂದಿ ಕೂಡ ಅಂಚಿನಿಂದ ಶುರುವಾಗಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತದೆ. ಅಲ್ಲಿ ಹೊದಿಕೆ ಒಂದೇ ಕಡೆ ಬೆಳೆಯುತ್ತದೆ, ಕೈ ಬದಲಾಯಿಸುವ ಬಿಡಿ ತುಂಡು ಇರುವುದಿಲ್ಲ. ಬ್ಲಾಕ್ ಹಂಚಿಕೊಳ್ಳುವ ರೂಢಿ ಅಮೆರಿಕದ್ದು. 1840ರ ದಶಕದಲ್ಲಿ ಅಲ್ಲಿನ ಪೂರ್ವ ಭಾಗದಲ್ಲಿ ಫ್ರೆಂಡ್‌ಶಿಪ್ ಕ್ವಿಲ್ಟ್‌ಗಳು ತುಂಬ ಚಾಲ್ತಿಗೆ ಬಂದವು. ಒಬ್ಬೊಬ್ಬರು ಒಂದೊಂದು ಬ್ಲಾಕ್ ಹೊಲಿದು, ಅದರ ಮೇಲೆ ಶಾಯಿಯಲ್ಲಿ ಹೆಸರು ಬರೆದು, ಮದುವೆಯಾಗಿ ಹೋಗುವವರಿಗೋ ಪಶ್ಚಿಮಕ್ಕೆ ವಲಸೆ ಹೊರಟವರಿಗೋ ಕೊಡುತ್ತಿದ್ದರು. ಬಾಲ್ಟಿಮೋರ್ ಊರಿನ ಹೆಸರಾಂತ ಆಲ್ಬಮ್ ಕ್ವಿಲ್ಟ್‌ಗಳು ಇದೇ ಕಾಲದವು.

ಇಲ್ಲಿ ನಾನು ಹೇಳಿಕೊಡುವುದು ಫ್ರೆಂಡ್‌ಶಿಪ್ ಸ್ಟಾರ್ ಅನ್ನುವ ಬ್ಲಾಕ್. ಒಂಬತ್ತು ಚೌಕಗಳಲ್ಲಿ ಮೂಡುವ, ಗಾಲಿಯ ಹಾಗೆ ತಿರುಗುತ್ತಿರುವ ನಕ್ಷತ್ರ. ಹೊಸಬರಿಗೆ ಕಷ್ಟವಿಲ್ಲ, ಕೈ ಪಳಗಿದವರಿಗೆ ಬೇಸರವೂ ಆಗುವುದಿಲ್ಲ.

ಶುರು ಮಾಡುವ ಮುಂಚೆ ಮಾತಾಡಿಕೊಳ್ಳಬೇಕಾದದ್ದು

ಗುಂಪು ಆರರಿಂದ ಎಂಟು ಜನರದ್ದಾಗಿರಲಿ. ಹನ್ನೆರಡು ಜನ ಸೇರಿದರೆ ಒಬ್ಬೊಬ್ಬರೂ ಒಂದೇ ಬ್ಲಾಕನ್ನು ಹನ್ನೆರಡು ಸಲ ಹೊಲಿಯಬೇಕು. ಎಂಟನೆಯದಕ್ಕೆ ಬರುವಷ್ಟರಲ್ಲಿ ಕೈ ಸೋತು ಹೊಲಿಗೆ ಕೆಡುತ್ತದೆ.

ಹಂಚಿಕೊಳ್ಳುವುದಕ್ಕೆ ಬೇರೆ ದಾರಿಗಳೂ ಇವೆ. ಕ್ವೀನ್ ಬೀ ಅನ್ನುವ ಪದ್ಧತಿಯಲ್ಲಿ ತಿಂಗಳಿಗೊಬ್ಬರು ರಾಣಿ. ಆ ತಿಂಗಳು ಎಲ್ಲರೂ ಅವರು ಕೇಳಿದ ಬ್ಲಾಕನ್ನೇ ಹೊಲಿದು ಕೊಡುತ್ತಾರೆ. ರೌಂಡ್ ರಾಬಿನ್‌ನಲ್ಲಿ ನಡುವಿನ ಒಂದು ಬ್ಲಾಕ್ ಮನೆಯಿಂದ ಮನೆಗೆ ಹೋಗುತ್ತ, ಒಬ್ಬೊಬ್ಬರೂ ಅದರ ಸುತ್ತ ಒಂದೊಂದು ಪಟ್ಟಿ ಸೇರಿಸುತ್ತಾರೆ. ಎರಡೂ ಚೆಂದವೇ. ಆದರೆ ಕ್ವೀನ್ ಬೀಯಲ್ಲಿ ಕೊನೆಯ ರಾಣಿಯ ಸರದಿ ಬರುವ ಹೊತ್ತಿಗೆ ಉಳಿದವರ ಉತ್ಸಾಹ ಇಳಿದಿರುತ್ತದೆ. ರೌಂಡ್ ರಾಬಿನ್‌ನಲ್ಲಿ ಒಬ್ಬರು ತಡ ಮಾಡಿದರೆ ಎಲ್ಲರೂ ಕಾಯಬೇಕು. ಮೊದಲ ಸಲಕ್ಕೆ ಎಲ್ಲರೂ ಒಂದೇ ದಿನ ಕೊಟ್ಟು ಒಂದೇ ದಿನ ಪಡೆಯುವ ಅದಲುಬದಲೇ ಒಳ್ಳೆಯದು.

ವಾಟ್ಸಾಪ್ ಗುಂಪಿನಲ್ಲಿ ಒಂದೇ ಸಂದೇಶವಾಗಿ ಬರೆದು ಮೇಲೆ ಪಿನ್ ಮಾಡಿಡಬೇಕಾದ ವಿಷಯಗಳು ಇವು:

- ಬ್ಲಾಕಿನ ಅಳತೆ: ಹೊಲಿದು ಕೊಡುವಾಗ 12½ ಇಂಚು. ಕ್ವಿಲ್ಟಿಗೆ ಜೋಡಿಸಿದ ಮೇಲೆ ಕಾಣುವುದು 12 ಇಂಚು.
- ಹೊಲಿಗೆಗೆ ಬಿಡುವ ಅಂಚು: ಎಲ್ಲ ಕಡೆ ಕಾಲು ಇಂಚು.
- ಬಟ್ಟೆ: ಅಪ್ಪಟ ಹತ್ತಿ, ಒಗೆದದ್ದು, ಬಣ್ಣ ಬಿಡದ್ದು.
- ನಕ್ಷತ್ರ ತಿರುಗುವ ದಿಕ್ಕು.
- ಕೊಡುವ ದಿನ, ಮತ್ತು ಒಬ್ಬರು ನಡುವೆ ಬಿಟ್ಟರೆ ಏನು ಮಾಡುವುದು ಅನ್ನುವುದು.

ಕೊನೆಯದನ್ನು ಮುಜುಗರ ಪಡದೆ ಮೊದಲೇ ಮಾತಾಡಿಬಿಡಿ. ಮನೆಯಲ್ಲಿ ಯಾರಿಗೋ ಹುಷಾರಿರುವುದಿಲ್ಲ, ಕೆಲಸದ ಒತ್ತಡ ಬರುತ್ತದೆ, ಇದೆಲ್ಲ ಸಹಜ ಅಲ್ವಾ? ಇಬ್ಬರು ಮೂವರು ಒಂದೊಂದು ಬ್ಲಾಕ್ ಜಾಸ್ತಿ ಹೊಲಿದಿಟ್ಟರೆ ಆ ಜಾಗ ತುಂಬುತ್ತದೆ, ಬಿಟ್ಟವರಿಗೂ ನೋವಾಗುವುದಿಲ್ಲ. ಕೊಡುವ ದಿನವನ್ನು ನವರಾತ್ರಿ, ದೀಪಾವಳಿಯ ಆಸುಪಾಸಿಗೆ ಇಡಬೇಡಿ. ಮಕ್ಕಳ ಪರೀಕ್ಷೆ ನಡೆಯುವ ಮಾರ್ಚ್ ತಿಂಗಳೂ ಬೇಡ. ಎರಡು ತಿಂಗಳ ಸಮಯ ಸರಿಯಾದದ್ದು. ಅದಕ್ಕಿಂತ ಜಾಸ್ತಿ ಕೊಟ್ಟರೆ ಎಲ್ಲರೂ ಕೊನೆಯ ವಾರದವರೆಗೆ ಮುಟ್ಟುವುದೇ ಇಲ್ಲ.

ಅಳತೆಯ ವಿಷಯದಲ್ಲಿ ನಾನು ಬಿಗಿ. ಬಣ್ಣ, ಹೂವು, ಗೆರೆ ಎಲ್ಲ ಅವರವರ ಇಷ್ಟ. ಅಳತೆ ಮಾತ್ರ ಯಾರ ಇಷ್ಟವೂ ಅಲ್ಲ. ನಿಮ್ಮ ಬ್ಲಾಕ್ ಕಾಲು ಇಂಚು ಕಡಿಮೆ ಬಂದರೆ ಅದನ್ನು ಸರಿಮಾಡುತ್ತ ಕೂರುವುದು ನಿಮ್ಮ ಗೆಳತಿ, ನೀವಲ್ಲ.

ಬಟ್ಟೆ

ಪಾಪ್ಲಿನ್, ಕ್ಯಾಂಬ್ರಿಕ್ ಈ ಕೆಲಸಕ್ಕೆ ಹೇಳಿ ಮಾಡಿಸಿದ ಬಟ್ಟೆಗಳು. ಮಲ್ ತುಂಬ ತೆಳು, ಜಾರುತ್ತದೆ. ಗುಳೇದಗುಡ್ಡದ ಖಣ ಕಣ್ಣಿಗೆ ಹಬ್ಬ, ಆದರೆ ಕತ್ತರಿಸಿದ ಕೂಡಲೇ ಅಂಚಿನ ಎಳೆ ಬಿಡುತ್ತದೆ. ಖಣ ಬೇಕೇ ಬೇಕು ಅಂದರೆ ಹಿಂದೆ ತೆಳುವಾದ ಫ್ಯೂಸಿಂಗ್ (ಬಿಸಿಗೆ ಅಂಟುವ ಅಸ್ತರು) ಇಸ್ತ್ರಿ ಮಾಡಿ ಅಂಟಿಸಿ, ಆಮೇಲೆ ಕತ್ತರಿಸಿ. ಹಳೆ ಸೀರೆಯ ಬಟ್ಟೆಯನ್ನು ಹಂಚಿಕೊಳ್ಳುವ ಬ್ಲಾಕಿಗೆ ಬಳಸಬೇಡಿ. ಸವೆದ ಬಟ್ಟೆ ಹೊಸ ಬಟ್ಟೆಯ ಪಕ್ಕದಲ್ಲಿ ಬೇಗ ಹರಿಯುತ್ತದೆ. ಅಮ್ಮನ ಸೀರೆಯ ಕ್ವಿಲ್ಟ್ ಬೇಕಿದ್ದರೆ ಅದನ್ನು ಬೇರೆಯಾಗಿಯೇ ಮಾಡಿಕೊಳ್ಳಿ.

ಒಂದು ಬ್ಲಾಕಿಗೆ ಎರಡು ಬಟ್ಟೆ ಸಾಕು. ಒಂದು ಹಿನ್ನೆಲೆಗೆ, ಇನ್ನೊಂದು ನಕ್ಷತ್ರಕ್ಕೆ. ಹಿನ್ನೆಲೆಯ ಬಟ್ಟೆಯನ್ನು ಗುಂಪಿನ ಒಬ್ಬರೇ ಒಂದೇ ಥಾನಿನಿಂದ ಎಲ್ಲರಿಗೂ ತಂದುಬಿಡಲಿ. ಬಿಳಿ ಅಂತ ಎಲ್ಲರಿಗೂ ಹೇಳಿದರೆ ಒಬ್ಬರು ಹಾಲುಬಿಳಿ ತರುತ್ತಾರೆ, ಒಬ್ಬರು ನೀಲಿ ಹಾಕಿದಂಥ ಬಿಳಿ ತರುತ್ತಾರೆ, ಇನ್ನೊಬ್ಬರದು ಕೆನೆಬಣ್ಣ. ಬೇರೆ ಬೇರೆ ಇದ್ದಾಗ ಗೊತ್ತಾಗದ ವ್ಯತ್ಯಾಸ, ಅಕ್ಕಪಕ್ಕ ಇಟ್ಟ ಕೂಡಲೇ ಎದ್ದು ಕಾಣುತ್ತದೆ. ನಕ್ಷತ್ರದ ಬಟ್ಟೆ ಅವರವರದೇ.

44 ಇಂಚು ಪನ್ನಾದ (ಅಗಲದ) ಬಟ್ಟೆಯಾದರೆ ಆರು ಬ್ಲಾಕಿಗೆ ಹಿನ್ನೆಲೆ ಒಂದು ಮೀಟರ್, ನಕ್ಷತ್ರ ಅರ್ಧ ಮೀಟರ್ ಧಾರಾಳವಾಗಿ ಸಾಕು. ಕುಗ್ಗುವುದನ್ನೂ ಸೇರಿಸಿ ಒಂದೂಕಾಲು, ಮುಕ್ಕಾಲು ಮೀಟರ್ ಲೆಕ್ಕದಲ್ಲಿ ತನ್ನಿ.

ತಂದ ಬಟ್ಟೆಯನ್ನು ರಾತ್ರಿಯಿಡೀ ನೀರಲ್ಲಿ ನೆನೆಹಾಕಿ ಒಗೆಯಿರಿ. ಅಜ್ರಕ್, ಡಾಬು, ಕಲಂಕಾರಿಯಂಥ ಅಚ್ಚಿನ ಬಟ್ಟೆಗಳನ್ನು ನೀರು ತಿಳಿಯಾಗುವವರೆಗೂ ಮತ್ತೆ ಮತ್ತೆ ತೊಳೆಯಬೇಕು. ಆಮೇಲೆ ಬಿಳಿ ಬಟ್ಟೆಯ ಒದ್ದೆ ಚೂರನ್ನು ಅದರ ಮೇಲಿಟ್ಟು ಬಿಸಿ ಇಸ್ತ್ರಿ ಒತ್ತಿ ನೋಡಿ. ಚೂರಿಗೆ ಬಣ್ಣ ಹತ್ತಿದರೆ ಆ ಬಟ್ಟೆ ಈ ಕೆಲಸಕ್ಕೆ ಬೇಡ. ನೀರಿಗೆ ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಅಂತಾರೆ, ಅದನ್ನು ನಂಬಿ ಕೂರಬೇಡಿ. ಒಬ್ಬರ ಕೆಂಪು ಬಟ್ಟೆ ಬಣ್ಣ ಬಿಟ್ಟರೆ ಐದು ಮನೆಯ ಐದು ಕ್ವಿಲ್ಟ್ ಹಾಳಾಗುತ್ತವೆ.

ಒಗೆದ ಬಟ್ಟೆಗೆ ತೆಳುವಾಗಿ ಅನ್ನದ ಗಂಜಿ ಹಾಕಿ, ಅರೆ ಒದ್ದೆ ಇದ್ದಾಗಲೇ ಇಸ್ತ್ರಿ ಮಾಡಿ. ಬಟ್ಟೆ ಕಾಗದದಷ್ಟು ಗಟ್ಟಿಯಾಗುತ್ತದೆ. ಕತ್ತರಿಸುವಾಗ ಜರುಗುವುದಿಲ್ಲ, ಹೊಲಿಯುವಾಗ ಎಳೆದುಕೊಳ್ಳುವುದಿಲ್ಲ.

ಕಾಲು ಇಂಚು ಅಂದರೆ ಎಷ್ಟು?

ಬ್ಲೌಸ್ ಹೊಲಿದು ರೂಢಿ ಇರುವವರಿಗೆ ಕಷ್ಟ ಬರುವುದು ಇಲ್ಲೇ. ಬ್ಲೌಸಿಗೆ ಒಂದು ಇಂಚು, ಅರ್ಧ ಇಂಚು ಬಟ್ಟೆ ಒಳಗೆ ಬಿಟ್ಟು ಕೈಗೆ ಅಭ್ಯಾಸ. ಇಲ್ಲಿ ಕಾಲು ಇಂಚಿಗಿಂತ ಕೂದಲೆಳೆಯಷ್ಟು ಕಡಿಮೆ ಬಿಡಬೇಕು. ಯಾಕೆಂದರೆ ಹೊಲಿಗೆಯನ್ನು ಒಂದು ಬದಿಗೆ ಮಡಿಸಿ ಇಸ್ತ್ರಿ ಮಾಡಿದಾಗ ಆ ಮಡಿಕೆಯೂ ಸ್ವಲ್ಪ ಬಟ್ಟೆ ತಿನ್ನುತ್ತದೆ.

ಸುಮ್ನೆ ಕಣ್ಣಂದಾಜಿನಲ್ಲಿ ಹೋಗಬೇಡಿ. 1½ ಇಂಚು ಅಗಲದ ಮೂರು ಚೂರು ಪಟ್ಟಿಗಳನ್ನು ಅಕ್ಕಪಕ್ಕ ಜೋಡಿಸಿ ಹೊಲಿಯಿರಿ, ಇಸ್ತ್ರಿ ಮಾಡಿ, ಅಳೆಯಿರಿ. ನಡುವಿನ ಪಟ್ಟಿ ಸರಿಯಾಗಿ ಒಂದು ಇಂಚು ಕಾಣಬೇಕು. ಮೂರೂ ಸೇರಿ ಮೂರೂವರೆ ಇಂಚು ಇರಬೇಕು. ನಡುವಿನದು ಒಂದು ಇಂಚಿಗಿಂತ ಕಡಿಮೆ ಇದ್ದರೆ ನೀವು ಒಳಗೆ ಬಿಡುತ್ತಿರುವುದು ಜಾಸ್ತಿ. ಅಳತೆ ಸರಿ ಬರುವವರೆಗೆ ಮಾಡಿ, ಆಮೇಲೆ ಮೆಷಿನಿನ ತಟ್ಟೆಯ ಮೇಲೆ ಆ ಗೆರೆಗೆ ಸರಿಯಾಗಿ ದಪ್ಪನೆಯ ಟೇಪ್ ಅಂಟಿಸಿಬಿಡಿ. ಬಟ್ಟೆಯ ಅಂಚು ಟೇಪಿಗೆ ತಾಗಿಕೊಂಡೇ ಓಡಲಿ.

ಇಷ್ಟು ಹಟ ಯಾಕೆ ಅನ್ನಿಸಬಹುದು. ಲೆಕ್ಕ ನೋಡಿ. ನಮ್ಮ ಬ್ಲಾಕಿನ ಒಂದು ಸಾಲಿನಲ್ಲಿ ಮೂರು ತುಂಡು, ಎರಡು ಹೊಲಿಗೆ. ಒಂದೊಂದು ಹೊಲಿಗೆಯಲ್ಲೂ ಎರಡು ತುಂಡುಗಳ ಅಂಚು ಒಳಗೆ ಹೋಗುತ್ತದೆ. ಅಂಚು ಒಂದೂವರೆ ಮಿಲಿಮೀಟರಿನಷ್ಟು ಜಾಸ್ತಿಯಾದರೂ ನಾಲ್ಕು ಕಡೆ ಸೇರಿ ಬ್ಲಾಕ್ ಕಾಲು ಇಂಚು ಚಿಕ್ಕದಾಗುತ್ತದೆ.

ಮೆಷಿನ್ ಇಲ್ಲದವರು ಕೈಯಲ್ಲೇ ಹೊಲಿಯಬಹುದು. ಉಲ್ಟಾ ಬದಿಯಲ್ಲಿ ಪೆನ್ಸಿಲಿನಿಂದ ಕಾಲಿಂಚಿನ ಗೆರೆ ಎಳೆದು, ಅದರ ಮೇಲೆ ಸಣ್ಣ ರನ್ನಿಂಗ್ ಸ್ಟಿಚ್ ಹಾಕುತ್ತ, ನಾಲ್ಕೈದು ಹೊಲಿಗೆಗೊಮ್ಮೆ ಒಂದು ಹೊಲಿಗೆ ಹಿಂದಕ್ಕೆ ಹಾಕಿ ಬಿಗಿ ಮಾಡಿಕೊಳ್ಳಿ.

ಕತ್ತರಿಸುವುದು

ಒಂದು ಬ್ಲಾಕಿಗೆ ಬೇಕಾದ ತುಂಡುಗಳು:

- ಹಿನ್ನೆಲೆ ಬಟ್ಟೆ: 4½ ಇಂಚಿನ ನಾಲ್ಕು ಚೌಕ, 5 ಇಂಚಿನ ಎರಡು ಚೌಕ
- ನಕ್ಷತ್ರದ ಬಟ್ಟೆ: 4½ ಇಂಚಿನ ಒಂದು ಚೌಕ, 5 ಇಂಚಿನ ಎರಡು ಚೌಕ

ರೋಟರಿ ಕಟ್ಟರ್ (ಗಾಲಿಯಂತೆ ಉರುಳುವ ಬ್ಲೇಡು), ಗಾಜಿನಂಥ ದಪ್ಪ ಸ್ಕೇಲ್ ಇದ್ದವರಿಗೆ ಇದು ಬೇಗ ಮುಗಿಯುತ್ತದೆ. 5 ಇಂಚಿನ ಪಟ್ಟಿ ಕತ್ತರಿಸಿಕೊಂಡು ಅದರಿಂದ ಚೌಕ ಮಾಡಿಕೊಳ್ಳಿ. ಅದಿಲ್ಲದಿದ್ದರೆ ಹಳೆಯ ಎಕ್ಸ್‌ರೇ ಹಾಳೆಯಲ್ಲಿ 4½, 5 ಇಂಚಿನ ಅಚ್ಚು ಮಾಡಿಕೊಂಡು, ಗೆರೆ ಎಳೆದು, ಚೂಪಾದ ಕತ್ತರಿಯಲ್ಲಿ ಕತ್ತರಿಸಿ. ಅಚ್ಚುಗಳನ್ನು ಒಬ್ಬರೇ ಎಲ್ಲರಿಗೂ ಮಾಡಿ ಹಂಚಿದರೆ ಇನ್ನೂ ಒಳ್ಳೆಯದು. ಹಳೆಯ ಬಟ್ಟೆ ಟೇಪ್ ಎಳೆದುಕೊಂಡಿರುತ್ತದೆ, ಪ್ಲಾಸ್ಟಿಕ್ ಸ್ಕೇಲಿನ ಗೆರೆಗಳು ಒಂದಕ್ಕೊಂದು ಹೊಂದುವುದಿಲ್ಲ. ಒಬ್ಬರೇ ಮಾಡಿದ ಅಚ್ಚಿನಲ್ಲಿ ಆ ತಾಪತ್ರಯ ಇರುವುದಿಲ್ಲ.

ಚೌಕದ ಬದಿಗಳು ಬಟ್ಟೆಯ ಎಳೆಗೆ ನೇರವಾಗಿರಲಿ. ನೇಯ್ಗೆಯ ಅಂಚನ್ನು ಮಾತ್ರ ತೆಗೆದುಹಾಕಿ. ಅದು ಬಿಗಿಯಾಗಿ ನೇಯ್ದಿರುತ್ತದೆ, ಬ್ಲಾಕಿನೊಳಗೆ ಸೇರಿದರೆ ಸುತ್ತಲ ಬಟ್ಟೆಯನ್ನು ಎಳೆಯುತ್ತದೆ.

ಹೊಲಿಯುವುದು

ಮೊದಲು ಎರಡು ಬಣ್ಣದ ಚೌಕಗಳು. ಹಿನ್ನೆಲೆಯ 5 ಇಂಚಿನ ಚೌಕವನ್ನೂ ನಕ್ಷತ್ರದ 5 ಇಂಚಿನ ಚೌಕವನ್ನೂ ಸೀದಾ ಬದಿಗಳು ಎದುರುಬದುರಾಗುವಂತೆ ಇಡಿ. ತಿಳಿ ಬಣ್ಣದ ಬಟ್ಟೆಯ ಹಿಂದೆ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆಯಿರಿ. ಆ ಗೆರೆಯ ಎರಡೂ ಪಕ್ಕದಲ್ಲಿ ಕಾಲು ಇಂಚು ಬಿಟ್ಟು ಹೊಲಿಗೆ ಹಾಕಿ. ಈಗ ಗೆರೆಯ ಮೇಲೆ ಕತ್ತರಿಸಿದರೆ, ಅರ್ಧ ಹಿನ್ನೆಲೆ ಅರ್ಧ ನಕ್ಷತ್ರ ಇರುವ ಎರಡು ಚೌಕ ಸಿಗುತ್ತವೆ. ಎರಡು ಜೋಡಿಯಿಂದ ನಾಲ್ಕು.

ಇವುಗಳನ್ನು ಬಿಡಿಸಿ, ಹೊಲಿಗೆಯನ್ನು ಗಾಢ ಬಣ್ಣದ ಕಡೆಗೆ ಮಡಿಸಿ ಇಸ್ತ್ರಿ ಮಾಡಿ. ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ಇಡಬೇಕು, ಉಜ್ಜಬಾರದು. ಮೂಲೆಯಿಂದ ಮೂಲೆಗೆ ಹೋಗುವ ಹೊಲಿಗೆ ಬಟ್ಟೆಯ ಓರೆ ಎಳೆಯ ಮೇಲಿದೆ. ಉಜ್ಜಿದರೆ ಅದು ರಬ್ಬರಿನಂತೆ ಹಿಗ್ಗಿ ಚೌಕ ವಜ್ರದ ಆಕಾರಕ್ಕೆ ತಿರುಗುತ್ತದೆ. ಆವಿಯೂ ಬೇಡ.

ಈ ಚೌಕಗಳು ಈಗ 4½ ಇಂಚಿಗಿಂತ ತುಸು ದೊಡ್ಡದಿರುತ್ತವೆ. ಬೇಕೆಂದೇ ಹಾಗೆ ಇಟ್ಟುಕೊಂಡದ್ದು. ಅಚ್ಚಿನ ಮೇಲೂ ಮೂಲೆಯಿಂದ ಮೂಲೆಗೆ ಒಂದು ಗೆರೆ ಗೀರಿಕೊಳ್ಳಿ. ಆ ಗೆರೆ ಹೊಲಿಗೆಯ ಮೇಲೆ ಸರಿಯಾಗಿ ಕೂರುವಂತೆ ಇಟ್ಟು, ನಾಲ್ಕೂ ಕಡೆ ಚೂರು ಚೂರೇ ತೆಗೆದು 4½ ಇಂಚಿಗೆ ತನ್ನಿ. ಇದು ಬೇಸರದ ಕೆಲಸ, ನಿಜ. ಆದರೆ ನಕ್ಷತ್ರದ ತುದಿ ಚೂಪಾಗಿ ಬರುವುದು ಇಲ್ಲಿಯೇ ತೀರ್ಮಾನವಾಗುತ್ತದೆ.

ಈಗ ಒಂಬತ್ತೂ ಚೌಕಗಳನ್ನು ಮೇಜಿನ ಮೇಲೆ ಹರಡಿ. ನಾಲ್ಕು ಮೂಲೆಗೆ ಹಿನ್ನೆಲೆ, ನಡುವೆ ನಕ್ಷತ್ರದ ಚೌಕ, ಉಳಿದ ನಾಲ್ಕು ಜಾಗಕ್ಕೆ ಎರಡು ಬಣ್ಣದ ಚೌಕಗಳು. ಪ್ರತಿಯೊಂದರಲ್ಲೂ ನಕ್ಷತ್ರದ ಬಣ್ಣ ನಡುವಿನ ಚೌಕಕ್ಕೆ ಪೂರ್ತಿ ಅಂಟಿಕೊಂಡಿರಬೇಕು. ಮೇಲಿನದನ್ನು ಮೊದಲು ಇಟ್ಟು, ಆಮೇಲೆ ಬಲ, ಕೆಳಗೆ, ಎಡ ಹೀಗೆ ಒಂದೊಂದನ್ನೂ ಕಾಲು ಸುತ್ತು ತಿರುಗಿಸುತ್ತ ಇಡಿ. ನಾಲ್ಕು ತುದಿಗಳೂ ಒಂದೇ ಕಡೆಗೆ ಬೀಸಿದಂತೆ ಕಾಣಬೇಕು. ಒಂದು ತಪ್ಪಿದರೂ ನಕ್ಷತ್ರ ಮುರಿದಂತೆ ಕಾಣುತ್ತದೆ. ಇದೇ ತುಂಡುಗಳಿಂದ ಎಡಕ್ಕೆ ತಿರುಗುವ ನಕ್ಷತ್ರವೂ ಆಗುತ್ತದೆ, ಬಲಕ್ಕೆ ತಿರುಗುವುದೂ ಆಗುತ್ತದೆ. ಅದಕ್ಕೇ ದಿಕ್ಕನ್ನು ಮೊದಲೇ ಗೊತ್ತು ಮಾಡಿಕೊಳ್ಳಬೇಕು ಅಂದದ್ದು. ಹರಡಿದ್ದನ್ನು ಫೋನಿನಲ್ಲಿ ಒಂದು ಫೋಟೋ ತೆಗೆದು ನೋಡಿ. ಬರಿಗಣ್ಣಿಗೆ ಕಾಣದ ತಪ್ಪು ಫೋಟೋದಲ್ಲಿ ಕಾಣುತ್ತದೆ.

ಅಡ್ಡಸಾಲುಗಳನ್ನು ಹೊಲಿಯಿರಿ. ಮೊದಲ ಮತ್ತು ಮೂರನೆಯ ಸಾಲಿನ ಹೊಲಿಗೆಗಳನ್ನು ಮೂಲೆಯ ಚೌಕಗಳ ಕಡೆಗೆ, ನಡುಸಾಲಿನದನ್ನು ನಡುವಿನ ಚೌಕದ ಕಡೆಗೆ ಮಡಿಸಿ ಇಸ್ತ್ರಿ ಮಾಡಿ. ಒಂದೊಂದು ಸಾಲೂ 12½ ಇಂಚು ಉದ್ದ ಇದೆಯೇ ಅಂತ ಇಲ್ಲೇ ಅಳೆಯಿರಿ. ಆಮೇಲೆ ಸಾಲುಗಳನ್ನು ಸೇರಿಸುವಾಗ, ಹೊಲಿಗೆ ಕೂಡುವ ಜಾಗವನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಸರಿಸಿ. ಎರಡೂ ಮಡಿಕೆಗಳು ಎದುರು ದಿಕ್ಕಿಗಿರುವುದರಿಂದ ಒಂದರ ಉಬ್ಬು ಇನ್ನೊಂದರ ಉಬ್ಬಿಗೆ ತಾಗಿ ಗಕ್ಕನೆ ನಿಲ್ಲುತ್ತದೆ. ಬೆರಳಿಗೆ ಅದು ಗೊತ್ತಾಗುತ್ತದೆ. ಅಲ್ಲಿ ಒಂದು ಗುಂಡುಪಿನ್ನು ಚುಚ್ಚಿ ಹೊಲಿದರೆ ಮೂಲೆಗಳು ಕೂಡಿದಂತೆಯೇ.

ಮೊದಲು ಒಂದೇ ಒಂದು ಬ್ಲಾಕ್ ಪೂರ್ತಿ ಹೊಲಿದು ಅಳೆದು ನೋಡಿ, ಆಮೇಲೆ ಉಳಿದ ಐದನ್ನು ಕತ್ತರಿಸಿ.

ಅಳತೆ ತಪ್ಪಿದ್ದರೆ

ಈ ನಕ್ಷತ್ರದ ತುದಿಗಳು ಬ್ಲಾಕಿನ ಅಂಚಿನವರೆಗೂ ಬರುತ್ತವೆ. ತುದಿಯಿಂದ ಬಟ್ಟೆಯ ಕತ್ತರಿಸಿದ ಅಂಚಿಗೆ ಕಾಲು ಇಂಚು ಉಳಿದಿರಬೇಕು. ಇಲ್ಲವಾದರೆ ಕ್ವಿಲ್ಟಿಗೆ ಜೋಡಿಸಿದಾಗ ತುದಿ ಹೊಲಿಗೆಯೊಳಗೆ ಹೋಗಿ ಮೊಂಡಾಗುತ್ತದೆ. ಹಾಗಾಗಿ ಬ್ಲಾಕ್ ತುಸು ದೊಡ್ಡದು ಬಂದರೆ ಕತ್ತರಿಸಲು ಹೋಗಬೇಡಿ, ಹಾಗೇ ಕೊಡಿ. ಪಡೆದವರು ತಮ್ಮ ಉಳಿದ ಬ್ಲಾಕ್‌ಗಳ ಪಕ್ಕದಲ್ಲಿಟ್ಟು ನೋಡಿ ಸರಿಮಾಡಿಕೊಳ್ಳುತ್ತಾರೆ. ಚಿಕ್ಕದಾದರೆ ಎಳೆದು ಇಸ್ತ್ರಿ ಮಾಡಿ ಹಿಗ್ಗಿಸಬೇಡಿ, ಒಂದು ಒಗೆತಕ್ಕೆ ಮತ್ತೆ ಕುಗ್ಗುತ್ತದೆ. ಸಾಲುಗಳ ಹೊಲಿಗೆ ಬಿಚ್ಚಿ, ಒಂದೆರಡು ಎಳೆ ಹೊರಗೆ ಸರಿಸಿ ಮತ್ತೆ ಹಾಕಿ.

ಗೆಳತಿಯ ಬ್ಲಾಕ್ ತುಂಬ ಚಿಕ್ಕದು ಬಂದಿದ್ದರೆ ವಾಪಸು ಕಳಿಸಬೇಕಾಗಿಲ್ಲ. ಅದರ ಸುತ್ತ ಹಿನ್ನೆಲೆ ಬಟ್ಟೆಯ ಪಟ್ಟಿ ಸೇರಿಸಿ, ಬೇಕಾದ ಅಳತೆಗೆ ಕತ್ತರಿಸಿಕೊಳ್ಳಿ. ಒಂದೆರಡು ಬ್ಲಾಕಿಗೆ ಇಂಥ ಚೌಕಟ್ಟು ಇದ್ದರೆ ಕ್ವಿಲ್ಟ್ ಕೆಡುವುದಿಲ್ಲ. ತಪ್ಪನ್ನು ಹೇಳಲೇಬೇಕಾದರೆ ಒಬ್ಬರಿಗೇ ಫೋನ್ ಮಾಡಿ ಹೇಳಿ. ಗುಂಪಿನಲ್ಲಿ ಎಲ್ಲರೆದುರು ಬರೆದರೆ ಅವರು ಮುಂದಿನ ಸುತ್ತಿಗೆ ಬರುವುದಿಲ್ಲ.

ಹೆಸರು ಹಾಕುವುದು, ಕಳಿಸುವುದು

ಹೆಸರಿಲ್ಲದ ಬ್ಲಾಕ್ ಕೊಡಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಕೆಲವು ವರ್ಷ ಕಳೆದ ಮೇಲೆ ಯಾವ ನಕ್ಷತ್ರ ಯಾರದು ಅನ್ನುವುದು ಮರೆತುಹೋಗುತ್ತದೆ. ಒಗೆದರೂ ಹೋಗದ ಬಟ್ಟೆ ಪೆನ್ನಿನಲ್ಲಿ ನಡುವಿನ ಚೌಕದ ಮೇಲೆ ಹೆಸರು, ಊರು, ವರ್ಷ ಬರೆಯಬಹುದು. ಕಸೂತಿ ಬಲ್ಲವರಿದ್ದರೆ ನಡುವಿನ ಚೌಕಕ್ಕೆ ಗವಂತಿ ಹೊಲಿಗೆಯಲ್ಲಿ ಒಂದು ಪುಟ್ಟ ಗೋಪುರವೋ ನವಿಲೋ ಹಾಕಲಿ. ಆಗ ಚೌಕವನ್ನು ಮೊದಲೇ ಕತ್ತರಿಸಬೇಡಿ. ಏಳೆಂಟು ಇಂಚಿನ ಬಟ್ಟೆಯ ಮೇಲೆ ಕಸೂತಿ ಮುಗಿಸಿ, ಚಿತ್ರ ನಡುವೆ ಬರುವಂತೆ 4½ ಇಂಚಿಗೆ ಕತ್ತರಿಸಿ.

ಒಂದೇ ಊರಿನವರಾದರೆ ಯಾರದಾದರೂ ಮನೆಯಲ್ಲಿ ಸೇರಿ ಕೈಯಿಂದ ಕೈಗೆ ಕೊಟ್ಟುಕೊಳ್ಳಿ. ಬೇರೆ ಬೇರೆ ಊರಿನವರಾದರೆ ಎಲ್ಲರೂ ಒಬ್ಬರಿಗೆ ಕಳಿಸಿ, ಅವರು ವಿಂಗಡಿಸಿ ಎಲ್ಲರಿಗೂ ಕಳಿಸುವುದು ಸುಲಭ. ತಿರುಗಿ ಕಳಿಸುವ ಖರ್ಚನ್ನು ಎಲ್ಲರೂ ಮುಂಚೆಯೇ ಕೊಟ್ಟಿರಬೇಕು. ಬ್ಲಾಕ್‌ಗಳನ್ನು ಒಂದರ ಮೇಲೊಂದು ಇಟ್ಟು, ಒಂದೇ ಒಂದು ಮಡಿಕೆ ಮಾಡಿ, ತೆಳು ರಟ್ಟಿನ ಜೊತೆ ಪ್ಲಾಸ್ಟಿಕ್ ಕವರಿಗೆ ಹಾಕಿ, ಆಮೇಲೆ ಲಕೋಟೆಯಲ್ಲಿಡಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರ್ ಇಲ್ಲದೆ ಕಳಿಸಲೇಬೇಡಿ. ಹೆಸರಿನ ಚೀಟಿಯನ್ನು ಗುಂಡುಪಿನ್ನಿನಿಂದ ಸಿಕ್ಕಿಸಬಾರದು, ತುಕ್ಕಿನ ಕಲೆ ಬೀಳುತ್ತದೆ. ಒಂದು ಕಚ್ಚಾ ಹೊಲಿಗೆ ಹಾಕಿ. ಗುಂಪಿನಲ್ಲಿ ಯಾರಾದರೂ ಹೊರದೇಶದಲ್ಲಿದ್ದರೆ, ಊರಿಗೆ ಬಂದುಹೋಗುವವರ ಕೈಯಲ್ಲಿ ಕಳಿಸುವುದು ಅಗ್ಗ. ಆರು ಬ್ಲಾಕ್ ಸೂಟ್‌ಕೇಸಿನಲ್ಲಿ ಜಾಗವನ್ನೇ ಹಿಡಿಯುವುದಿಲ್ಲ.

ಹನ್ನೆರಡು ಬ್ಲಾಕ್ ಬಂದ ಮೇಲೆ

ಬೇರೆ ಬೇರೆ ಕೈಯ ಬ್ಲಾಕ್‌ಗಳನ್ನು ನೇರವಾಗಿ ಒಂದಕ್ಕೊಂದು ಹೊಲಿಯುವುದಕ್ಕಿಂತ ನಡುವೆ ಎರಡಿಂಚಿನ ಪಟ್ಟಿ ಕೊಡಿ. ಸಣ್ಣ ಪುಟ್ಟ ಅಳತೆಯ ವ್ಯತ್ಯಾಸ ಅದರಲ್ಲಿ ಮುಚ್ಚಿಹೋಗುತ್ತದೆ. ಜೋರು ಬಣ್ಣಗಳೂ ಒಂದಕ್ಕೊಂದು ಹಾಯುವುದಿಲ್ಲ. ಅಡ್ಡಕ್ಕೆ ಮೂರು, ಉದ್ದಕ್ಕೆ ನಾಲ್ಕು ಬ್ಲಾಕ್, ಸುತ್ತಲೂ ಪಟ್ಟಿ. ಅಲ್ಲಿಗೆ 44 ಇಂಚು ಅಗಲ, 58 ಇಂಚು ಉದ್ದ ಆಗುತ್ತದೆ. ಹೊರಗೆ ಆರಿಂಚಿನ ಅಂಚು ಕೊಟ್ಟರೆ 56ಕ್ಕೆ 70. ದೊಡ್ಡವರೊಬ್ಬರು ಆರಾಮವಾಗಿ ಹೊದೆಯಬಹುದು.

ಪಟ್ಟಿಗಳನ್ನು 2½ ಇಂಚು ಅಗಲಕ್ಕೆ ಕತ್ತರಿಸಿ. ಬ್ಲಾಕ್‌ಗಳ ನಡುವೆ ಮತ್ತು ಸಾಲಿನ ಎರಡು ತುದಿಗೆ 12½ ಇಂಚು ಉದ್ದದ 16 ಪಟ್ಟಿ, ಸಾಲುಗಳ ಮೇಲೆ ಕೆಳಗೆ 44½ ಇಂಚಿನ ಐದು ಪಟ್ಟಿ ಬೇಕು. ಉದ್ದದ ಪಟ್ಟಿ ಬಟ್ಟೆಯ ಪನ್ನಾದಲ್ಲಿ ಬರುವುದಿಲ್ಲ, ಥಾನಿನ ಉದ್ದಕ್ಕೇ ಕತ್ತರಿಸಬೇಕು. ಒಂದೂವರೆ ಮೀಟರ್ ತಂದರೆ ಎಲ್ಲವೂ ಆಗುತ್ತದೆ.

ಕೆಳಗಿನ ಪದರಕ್ಕೆ ಹೊಸ ಕಾಟನ್ ಡಬಲ್ ಬೆಡ್‌ಶೀಟ್ ಒಗೆದು ಬಳಸಿ. ನಾಲ್ಕೂ ಕಡೆ ಮೂರು ನಾಲ್ಕು ಇಂಚು ಹೊರಗೆ ಉಳಿಯಲಿ. ನಡುವಿನ ಪದರಕ್ಕೆ ಹತ್ತಿಯ ತೆಳು ವಾಡಿಂಗ್ (ಒಳಗೆ ಹಾಸುವ ಮೆತ್ತನೆಯ ಹಾಳೆ) ಸಿಗುತ್ತದೆ. ನನ್ನ ಕೇಳಿದರೆ ನಮ್ಮ ಹವೆಗೆ ಕೌದಿಯ ಪದ್ಧತಿಯೇ ಚೆಂದ. ಒಗೆದು ಮೆತ್ತಗಾದ ಎರಡು ಹಳೆ ಕಾಟನ್ ಬೆಡ್‌ಶೀಟ್ ಒಳಗೆ ಹಾಕಿದರೆ ಚಳಿಗೂ ಸಾಕು, ಸೆಕೆಯೂ ಆಗುವುದಿಲ್ಲ. ಮೂರೂ ಪದರಗಳನ್ನು ನೆಲದ ಮೇಲೆ ಬಿಗಿಯಾಗಿ ಹಾಸಿ, ನಡುವಿನಿಂದ ಹೊರಕ್ಕೆ ಕಚ್ಚಾ ಹೊಲಿಗೆ ಹಾಕಿ. ಆಮೇಲೆ ನಕ್ಷತ್ರಗಳ ಗುಂಟ ರನ್ನಿಂಗ್ ಸ್ಟಿಚ್ ಹಾಕುತ್ತ ಹೋಗಿ. ಎಲ್ಲೂ ಅಂಗೈ ಅಗಲಕ್ಕಿಂತ ಜಾಸ್ತಿ ಜಾಗ ಹೊಲಿಗೆಯಿಲ್ಲದೆ ಉಳಿಯಬಾರದು. ಕೊನೆಗೆ ಉಳಿದ ಬಟ್ಟೆಯನ್ನು ಕತ್ತರಿಸಿ, ಸುತ್ತ ಮಡಿಸಿದ ಪಟ್ಟಿ ಕಟ್ಟಿ.

ಮುಗಿದ ಕ್ವಿಲ್ಟನ್ನು ಮೊದಲ ಸಲ ತಣ್ಣೀರಿನಲ್ಲಿ, ಬೇರೆ ಬಟ್ಟೆಯ ಜೊತೆ ಸೇರಿಸದೆ ಒಗೆದು ನೆರಳಲ್ಲಿ ಒಣಗಿಸಿ. ಕತ್ತರಿಸುವ ಮುಂಚೆ ಹಾಕಿದ ಗಂಜಿ ಈ ಒಗೆತದಲ್ಲಿ ಪೂರ್ತಿ ಹೋಗಬೇಕು. ನೀರು ಅಂಟಂಟಾಗಿದ್ದರೆ ಇನ್ನೊಮ್ಮೆ ಜಾಲಾಡಿಸಿ. ಗಂಜಿ ಉಳಿದ ಬಟ್ಟೆಯನ್ನು ಬೀರುವಿನಲ್ಲಿಟ್ಟರೆ ಹುಳ ತಿನ್ನುತ್ತದೆ.